ವಾಲ್ವ್ ಬದಲಿಸಬೇಕಂತೆ, ಹೌದಾ?

ಕಾರವಾರದಲ್ಲಿ ಏಸಿ ರಿಪೇರಿ ಮಾಡುವವನಿಗೆ ಮಾರ್ಚ್‌ನಿಂದ ಮೇ ತನಕ ಊಟಕ್ಕೂ ಪುರುಸೊತ್ತಿಲ್ಲ. ಆ ಹೊತ್ತಿನಲ್ಲೇ ಈ ಫೋನು ಬರುತ್ತದೆ. ಊರು ಬೇರೆ, ದನಿ ಬೇರೆ, ಪ್ರಶ್ನೆ ಮಾತ್ರ ಒಂದೇ. ಕಳೆದ ಬೇಸಿಗೆಯಲ್ಲಿ ಕೇಳಿದವರು ಕೋಡಿಬಾಗದ ನಿವೃತ್ತ ಮಾಸ್ತರು. "ಕಾರಿನ ಏಸಿಗೆ ಗ್ಯಾಸ್ ತುಂಬಿಸಿದೆ ಮಾರಾಯಾ. ಹತ್ತು ದಿನ ಚೆನ್ನಾಗಿತ್ತು. ಈಗ ಮತ್ತೆ ಬಿಸಿಗಾಳಿ. ಎಕ್ಸ್‌ಪಾನ್ಶನ್ ವಾಲ್ವ್ ಹೋಗಿದೆ, ಬದಲಿಸಬೇಕು ಅಂತಾರೆ. ಹೌದಾ?"

ನಾನು ತಿರುಗಿ ಕೇಳುವುದೂ ಒಂದೇ. "ಇರಬಹುದು ಮಾಸ್ತರೇ. ಅವರು ಸೂಪರ್‌ಹೀಟ್ ಎಷ್ಟು ಬಂತು ಅಂತ ಹೇಳಿದ್ರಾ?" ಹೇಳಿರುವುದಿಲ್ಲ. ಯಾಕೆಂದರೆ ಅಳೆದಿರುವುದಿಲ್ಲ. ಸೂಪರ್‌ಹೀಟ್ ಅಂದರೇನು ಎಂದು ಮುಂದೆ ಹೇಳುತ್ತೇನೆ.

ಮೊದಲು ಒಂದು ಮಾತು. ಮನೆಯ ಗೋಡೆಗೆ ಹಾಕಿದ ಒಂದು, ಒಂದೂವರೆ ಟನ್ನಿನ ಸ್ಪ್ಲಿಟ್ ಏಸಿಯಲ್ಲಿ ಈ ಥರ್ಮೋಸ್ಟಾಟಿಕ್ ಎಕ್ಸ್‌ಪಾನ್ಶನ್ ವಾಲ್ವ್ ಸಾಮಾನ್ಯವಾಗಿ ಇರುವುದೇ ಇಲ್ಲ. ಹಳೆಯದರಲ್ಲಿ ಕ್ಯಾಪಿಲರಿ ಇರುತ್ತದೆ, ಅಂದರೆ ದಾರದಂಥ ತಾಮ್ರದ ಕೊಳವೆ. ಇನ್ವರ್ಟರ್ ಏಸಿಯಾದರೆ ಹೆಚ್ಚಿನದರಲ್ಲಿ ಪುಟ್ಟ ಮೋಟಾರ್ ತಿರುಗಿಸುವ ಎಲೆಕ್ಟ್ರಾನಿಕ್ ವಾಲ್ವ್. ಕರೆಂಟ್ ಹಾಕಿದ ಕೂಡಲೇ ಹೊರಗಿನ ಯೂನಿಟ್ಟಿನಲ್ಲಿ ಟಕಟಕ ಎನ್ನುವುದು ಅದೇ. ನಾನು ಹೇಳುತ್ತಿರುವ ವಾಲ್ವ್ ಇರುವುದು ಕಾರು, ಬಸ್ಸು, ಕಲ್ಯಾಣ ಮಂಟಪದ ದೊಡ್ಡ ಡಕ್ಟ್ ಏಸಿ, ಮೀನಿನ ಕೋಲ್ಡ್ ರೂಮ್, ಇಂಥ ಕಡೆ. ಮನೆಯ ಸಣ್ಣ ಏಸಿಗೆ ಇದೇ ವಾಲ್ವ್ ಹೋಗಿದೆ ಎಂದು ಯಾರಾದರೂ ಹೇಳಿದರೆ ಸುಮ್ನೆ "ಎಲ್ಲಿದೆ, ತೋರಿಸಿ" ಅನ್ನಿ.

ಇನ್ನು ಅದು ಮಾಡುವ ಕೆಲಸ. ಒಲೆಯ ಮೇಲಿನ ಪಾತ್ರೆಯಲ್ಲಿ ನೀರಿರುವ ತನಕ ಪಾತ್ರೆಯ ಬಿಸಿ 100 ಡಿಗ್ರಿ ಬಿಟ್ಟು ಹೆಚ್ಚು ಮೇಲೇರುವುದಿಲ್ಲ. ನೀರು ಇಂಗಿತೋ, ತಳ ಸರ್ರನೆ ಕಾಯುತ್ತದೆ. ಮುಚ್ಚಳ ತೆಗೆಯದೆಯೂ ಒಳಗೆ ನೀರು ಮುಗಿಯಿತು ಎಂದು ತಿಳಿಯುತ್ತದೆ, ಅಲ್ವಾ? ಏಸಿಯ ಕೂಲಿಂಗ್ ಕಾಯಿಲ್ ಒಳಗೂ ಹೀಗೆಯೇ. ವಾಲ್ವಿನ ಮೂಲಕ ದ್ರವವಾಗಿ ಬಂದ ಗ್ಯಾಸ್ ಅಲ್ಲಿ ಕುದಿಯುತ್ತದೆ. ನಾಲ್ಕೈದು ಡಿಗ್ರಿ ತಂಪಿನಲ್ಲೇ ಕುದಿಯುತ್ತದೆ, ಅಷ್ಟೇ ವ್ಯತ್ಯಾಸ. ಕುದಿಯುತ್ತಾ ಕೋಣೆಯ ಬಿಸಿಯನ್ನು ಎಳೆದುಕೊಳ್ಳುತ್ತದೆ. ಕಾಯಿಲಿನ ಕೊನೆ ಬರುವಷ್ಟರಲ್ಲಿ ಹನಿ ಉಳಿಯದೆ ಎಲ್ಲ ಆವಿಯಾಗಬೇಕು. ಆವಿಯಾದ ಮೇಲೆ ಇನ್ನೂ ಐದಾರು ಡಿಗ್ರಿ ಬಿಸಿಯಾಗಬೇಕು. ಆ ಐದಾರು ಡಿಗ್ರಿಯೇ ಸೂಪರ್‌ಹೀಟ್. ಜಾಸ್ತಿ ಆದರೆ ಕಾಯಿಲ್ ಅರ್ಧಕ್ಕೇ ಒಣಗಿದೆ, ತಂಪು ಸಾಲದು. ಸೊನ್ನೆ ಆದರೆ ದ್ರವ ಕುದಿಯದೆ ಕಂಪ್ರೆಸರ್‌ಗೆ ವಾಪಸ್ ಹೋಗುತ್ತಿದೆ. ಕಂಪ್ರೆಸರ್ ಆವಿಯನ್ನು ಒತ್ತಲು ಮಾಡಿದ ಯಂತ್ರ. ದ್ರವ ಕುಡಿಸಿದರೆ ಬಾಳುವುದಿಲ್ಲ.

ವಾಲ್ವಿನ ಕೆಲಸ ಈ ಐದಾರು ಡಿಗ್ರಿಯನ್ನು ಕಾಯುವುದು ಮಾತ್ರ. ಕೋಣೆ ಎಷ್ಟು ತಂಪಿರಬೇಕು ಎಂಬುದು ಅದಕ್ಕೆ ಸಂಬಂಧಿಸಿದ್ದಲ್ಲ. ಹೆಸರಿನಲ್ಲಿ ಥರ್ಮೋಸ್ಟಾಟ್ ಇರುವುದರಿಂದ ಎಷ್ಟೋ ಮಂದಿ ಹಾಗೆ ತಿಳಿದಿದ್ದಾರೆ.

ಹಿಂದೆ ಶಿರಸಿ ಕಡೆ ತೋಟಕ್ಕೆ ಕಾಲುವೆಯಲ್ಲಿ ನೀರು ಬಿಡುವಾಗ ಇಬ್ಬರು ಬೇಕಿತ್ತು. ಮೇಲೆ ಕಾಲುವೆ ಬಾಯಲ್ಲಿ ಒಬ್ಬ, ಕೆಳಗೆ ಕಡೇ ಅಡಿಕೆ ಮರದ ಬುಡದಲ್ಲಿ ಒಬ್ಬ. ಕೆಳಗಿನವನು "ಬಂತು" ಎಂದು ಕೂಗಿದ ಮೇಲೆಯೇ ಮೇಲಿನವನು ಮಣ್ಣು ಎಳೆದು ಬಾಯಿ ಮುಚ್ಚುತ್ತಿದ್ದ. ನಮ್ಮ ವಾಲ್ವ್ ಮೇಲಿನವನು. ಕೆಳಗಿನವನು ಬಲ್ಬ್. ಇದು ಉರಿಯುವ ಬಲ್ಬ್ ಅಲ್ಲ. ಬೆರಳಿನಷ್ಟಿರುವ, ಬಾಯಿ ಮುಚ್ಚಿದ ತಾಮ್ರದ ನಳಿಕೆ, ಒಳಗೆ ಸ್ವಲ್ಪ ಗ್ಯಾಸ್. ಕಾಯಿಲಿನಿಂದ ಹೊರಬರುವ ಸಕ್ಷನ್ ಪೈಪಿಗೆ ಅದನ್ನು ಕಟ್ಟಿರುತ್ತಾರೆ. ಅಲ್ಲಿಂದ ಕೂದಲಿನಂಥ ಕೊಳವೆ ವಾಲ್ವಿನ ತಲೆಗೆ ಹೋಗುತ್ತದೆ. ತಲೆಯೊಳಗೆ ತೆಳುವಾದ ಲೋಹದ ತಗಡು. ಪೈಪ್ ಬಿಸಿಯಾದರೆ ಬಲ್ಬಿನ ಗ್ಯಾಸ್ ಹಿಗ್ಗಿ ತಗಡನ್ನು ಮೇಲಿನಿಂದ ಒತ್ತುತ್ತದೆ, ವಾಲ್ವ್ ತೆರೆಯುತ್ತದೆ. ಕೆಳಗಿನಿಂದ ಕಾಯಿಲಿನ ಒತ್ತಡ ಮತ್ತು ಒಂದು ಸ್ಪ್ರಿಂಗ್ ಅದನ್ನು ಮುಚ್ಚಲು ನೋಡುತ್ತವೆ. ಈ ಮೂವರ ಜಗ್ಗಾಟದಲ್ಲಿ ವಾಲ್ವಿನ ತೂತು ಮುಚ್ಚಿ ತೆರೆಯುವ ಸೂಜಿ ಎಲ್ಲಿ ನಿಲ್ಲುತ್ತದೋ ಅಷ್ಟು ಗ್ಯಾಸ್ ಕಾಯಿಲಿಗೆ. ವೈರಿಲ್ಲ, ಕರೆಂಟಿಲ್ಲ, ಬೋರ್ಡ್ ಇಲ್ಲ. ಡೆನ್ಮಾರ್ಕಿನಲ್ಲಿ ಮಾಡ್ಸ್ ಕ್ಲೌಸೆನ್ ಎಂಬಾತ 1933ರಲ್ಲಿ ಅಪ್ಪ ಅಮ್ಮನ ಹೊಲದ ಮನೆಯ ಅಟ್ಟದಲ್ಲಿ ಕೂತು ಇಂಥ ವಾಲ್ವ್ ಮಾಡತೊಡಗಿದ. ಇವತ್ತಿನ ಡಾನ್‌ಫಾಸ್ ಕಂಪನಿ ಹುಟ್ಟಿದ್ದು ಹಾಗೆ. ವಾಲ್ವಿನ ಒಳಗಿನ ಲೆಕ್ಕ ಇವತ್ತಿಗೂ ಅದೇ.

ಅಳೆಯುವುದು ಕಷ್ಟವಲ್ಲ. ಆರ್-22 ಎಂಬ ಗ್ಯಾಸಿನ ಹಳೆಯ ಯಂತ್ರದಲ್ಲಿ ಒತ್ತಡದ ಗೇಜ್ 68 ಪಿಎಸ್‌ಐ ತೋರಿಸಿದರೆ ಕಾಯಿಲ್ ಒಳಗೆ ಗ್ಯಾಸ್ ಸುಮಾರು 4 ಡಿಗ್ರಿಯಲ್ಲಿ ಕುದಿಯುತ್ತಿದೆ ಎಂದರ್ಥ. ಬಲ್ಬ್ ಇರುವ ಜಾಗದಲ್ಲಿ ಪೈಪಿಗೆ ಥರ್ಮಾಮೀಟರ್ ಕಟ್ಟಿ ನೋಡಿದರೆ 10 ಡಿಗ್ರಿ. ವ್ಯತ್ಯಾಸ 6. ವಾಲ್ವ್ ಸರಿ ಇದೆ, ಮನೆಗೆ ಹೋಗಬಹುದು. ಕೈಯಿಂದ ಪೈಪ್ ಮುಟ್ಟಿ "ತಂಪಿದೆ, ಬಿಸಿ ಇದೆ" ಎನ್ನುವುದು ಅಳತೆಯಲ್ಲ.

ಇಷ್ಟು ವರ್ಷದಲ್ಲಿ ನನಗೆ ಅನಿಸಿದ್ದು, ಬೈಗುಳ ತಿನ್ನುವುದು ವಾಲ್ವ್, ತಪ್ಪು ಬಹಳ ಸಲ ಬಲ್ಬಿನದು. ಶಿರಸಿಯ ಒಂದು ಕಲ್ಯಾಣ ಮಂಟಪದಿಂದ ಕರೆ ಬಂತು. ಕಂಪ್ರೆಸರ್ ಒಮ್ಮೆ ಸುಟ್ಟಿದೆ, ವಾಲ್ವ್ ಎರಡು ಸಲ ಬದಲಾಗಿದೆ. ನೋಡಿಕೊಳ್ಳುವ ಹಿರಿಯರು, "ತಮಾ, ಹೊಸಾ ವಾಲ್ವ್ ಹಾಕ್ಸಿ ಎರಡು ತಿಂಗ್ಳೂ ಆಜಿಲ್ಲೆ. ಮತ್ತೆಂತಾ ಆತು?" ಎಂದರು. ಕಂಪ್ರೆಸರ್ ಮೈಯೆಲ್ಲ ಬೆವರಿ ತಣ್ಣಗೆ ಕೂತಿತ್ತು. ಸೂಪರ್‌ಹೀಟ್ ಸೊನ್ನೆ. ಮಾಡಿನ ಕೆಳಗೆ ಹತ್ತಿ ಟಾರ್ಚ್ ಹಾಕಿದರೆ ಬಲ್ಬನ್ನು ವೈರ್ ಕಟ್ಟುವ ಪ್ಲಾಸ್ಟಿಕ್ ಪಟ್ಟಿಯಿಂದ ಕಟ್ಟಿದ್ದಾರೆ. ಪಟ್ಟಿ ಸಡಿಲಾಗಿ ಬಲ್ಬ್ ಪೈಪ್ ಬಿಟ್ಟು ಮಾಡಿನ ಬಿಸಿಗಾಳಿಯಲ್ಲಿ ನೇತಾಡುತ್ತಿತ್ತು. ಕೆಳಗಿನವನು ನೀರು ಬಂದರೂ "ಬಂದಿಲ್ಲ, ಬಂದಿಲ್ಲ" ಎಂದು ಕೂಗುತ್ತಿದ್ದ. ಮೇಲಿನವನು ಪಾಪ, ಬಾಯಿ ಪೂರ್ತಿ ತೆರೆದಿಟ್ಟಿದ್ದ. ಆ ಜಾಗದಲ್ಲಿ ಹತ್ತು ಹೊಸ ವಾಲ್ವ್ ಹಾಕಿದರೂ ಕಥೆ ಅದೇ.

ಪೈಪ್ ಉಜ್ಜಿ ತಾಮ್ರ ಹೊಳೆಯುವಂತೆ ಮಾಡಿದೆ. ಬಲ್ಬನ್ನು ಲೋಹದ ಪಟ್ಟಿಯಿಂದ ಬಿಗಿದು, ಮೇಲೆ ಇನ್ಸುಲೇಶನ್ ಸುತ್ತಿದೆ. ಕಟ್ಟುವ ಜಾಗಕ್ಕೂ ಲೆಕ್ಕ ಇದೆ. ಅಡ್ಡ ಪೈಪ್ ಆಗಬೇಕು. ಸಣ್ಣ ಪೈಪಾದರೆ ನೆತ್ತಿಯ ಮೇಲೆ. ಮುಕ್ಕಾಲು ಇಂಚು ದಾಟಿದರೆ ಗಡಿಯಾರದ 4 ಅಥವಾ 8 ಗಂಟೆಯ ಕಡೆ. ಅಡಿಯಲ್ಲಿ ಮಾತ್ರ ಬೇಡ, ಅಲ್ಲಿ ಎಣ್ಣೆ ಹರಿಯುತ್ತದೆ, ಬಲ್ಬಿಗೆ ನಿಜವಾದ ಬಿಸಿ ತಿಳಿಯುವುದಿಲ್ಲ. ಕರಾವಳಿಯಲ್ಲಿ ಇನ್ನೊಂದು ಕಾಟ ಉಪ್ಪುಗಾಳಿ. ಬಿಣಗಾ, ಬೈತಖೋಲ ಕಡೆ ಕಬ್ಬಿಣದ ಪಟ್ಟಿ ಹಾಕಿದರೆ ಬೇಗ ತುಕ್ಕು ತಿಂದು ಪುಡಿಯಾಗುತ್ತದೆ. ನಾನು ತಾಮ್ರದ ಪಟ್ಟಿಯನ್ನೇ ಹಾಕುತ್ತೇನೆ.

ನನ್ನದೇ ಒಂದು ತಪ್ಪನ್ನೂ ಹೇಳಿಬಿಡುತ್ತೇನೆ. ಜೂನ್, ಜುಲೈ ಟ್ರಾಲರ್ ಬಂದ್. ಮೀನಿನ ಕೋಲ್ಡ್ ರೂಮ್ ಖಾಲಿ ಇರುತ್ತದೆ, ಸರ್ವಿಸ್ ಕೆಲಸವೆಲ್ಲ ಆಗಲೇ. ಅದೇ ನಮ್ಮಲ್ಲಿ ಮಳೆ ಹಿಡಿದು ಹೊಡೆಯುವ ಕಾಲ. ಒಂದು ಜುಲೈಯಲ್ಲಿ ಪೈಪ್ ಬಿಚ್ಚಿ ಜೋಡಿಸಿ, ಒಳಗಿನ ಗಾಳಿ, ತೇವ ಎಳೆದು ತೆಗೆಯುವ ವ್ಯಾಕ್ಯೂಮ್ ಪಂಪನ್ನು ಅವಸರದಲ್ಲಿ ಅರ್ಧ ಗಂಟೆ ಮಾತ್ರ ಓಡಿಸಿ ಗ್ಯಾಸ್ ಬಿಟ್ಟೆ. ಯಂತ್ರ ಚೆನ್ನಾಗಿ ಓಡಿತು. ಸ್ವಲ್ಪ ಹೊತ್ತಿಗೆ ತಂಪು ನಿಂತಿತು. ಬಂದ್ ಮಾಡಿ ಚಾ ಕುಡಿದು ಬಂದರೆ ಮತ್ತೆ ಸರಿ. ಆಮೇಲೆ ಮತ್ತೆ ನಿಂತಿತು. ವಾಲ್ವಿನ ಮೇಲೆ ಬಿಸಿನೀರಿನ ಬಟ್ಟೆ ಇಟ್ಟೆ. ಸುಯ್ ಎಂದು ಗ್ಯಾಸ್ ಹರಿಯಿತು. ಒಳಗೆ ಉಳಿದ ತೇವ ವಾಲ್ವಿನ ಸಣ್ಣ ತೂತಿನಲ್ಲಿ ಮಂಜುಗಡ್ಡೆಯಾಗಿ ಕೂರುತ್ತಿತ್ತು. ಸೊನ್ನೆಗಿಂತ ಕೆಳಗೆ ಕುದಿಯುವ ಕೋಲ್ಡ್ ರೂಮಿನಲ್ಲಿ ಇದು ಸಾಮಾನ್ಯ, ಏಸಿಯಲ್ಲಿ ಕಡಿಮೆ. ಈಗಿನ ಗ್ಯಾಸಿಗೆ ಹಾಕುವ ಎಣ್ಣೆಯಂತೂ ಉಪ್ಪಿನ ಹಾಗೆ ಗಾಳಿಯ ತೇವ ಹೀರುತ್ತದೆ. ಗ್ಯಾಸ್ ತೆಗೆದು, ತೇವ ಹೀರುವ ಡ್ರೈಯರ್ ಬದಲಿಸಿ, ನೈಟ್ರೋಜನ್ ತುಂಬಿ ಬಿಟ್ಟು, ವ್ಯಾಕ್ಯೂಮ್ ಅಳೆಯುವ ಮೈಕ್ರಾನ್ ಗೇಜ್ 500ರ ಕೆಳಗೆ ಇಳಿದು ನಿಲ್ಲುವ ತನಕ ಪಂಪ್ ಓಡಿಸಿದೆ. ರಾತ್ರಿಯಾಯಿತು. ವಾಲ್ವ್ ಹಳೆಯದೇ ಉಳಿಯಿತು.

ಹಾಗಾದರೆ ವಾಲ್ವ್ ಕೆಡುವುದೇ ಇಲ್ಲವಾ? ಕೆಡುತ್ತದೆ. ಬಲ್ಬಿನ ಕೊಳವೆ ಎಲ್ಲಾದರೂ ಉಜ್ಜಿ ತೂತಾಗಿ ಒಳಗಿನ ಗ್ಯಾಸ್ ಹೋದರೆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಪರೀಕ್ಷೆ ಸುಲಭ. ಬಲ್ಬ್ ಬಿಚ್ಚಿ ಅಂಗೈಯಲ್ಲಿ ಹಿಡಿದರೆ ಸಕ್ಷನ್ ಒತ್ತಡ ಏರಬೇಕು, ಐಸ್ ನೀರಿನಲ್ಲಿ ಅದ್ದಿದರೆ ಇಳಿಯಬೇಕು. ಎರಡಕ್ಕೂ ಮುಳ್ಳು ಅಲ್ಲಾಡದಿದ್ದರೆ ವಾಲ್ವಿನ ಮೇಲೆ ಸಂಶಯ ಪಡಬಹುದು. ಆಗಲೂ ಮೊದಲು ಬಾಯಿಯ ಜರಡಿ ಬಿಚ್ಚಿ ನೋಡಿ. ಬ್ರೇಜಿಂಗ್, ಅಂದರೆ ಬೆಂಕಿ ಹಿಡಿದು ಪೈಪ್ ಬೆಸೆಯುವ ಕೆಲಸ, ಮಾಡುವಾಗ ನೈಟ್ರೋಜನ್ ಬಿಡದಿದ್ದರೆ ಪೈಪಿನೊಳಗೆ ಏಳುವ ಕಪ್ಪು ಹಕ್ಕಳೆಯೆಲ್ಲ ಬಂದು ಸೇರುವುದು ಅಲ್ಲಿಗೇ.

ಸ್ಪ್ರಿಂಗ್ ತಿರುಪು ತಿರುಗಿಸುವ ಚಟ ಇರುವವರೂ ಇದ್ದಾರೆ. ಬಿಗಿ ಮಾಡಿದರೆ ಸೂಪರ್‌ಹೀಟ್ ಏರುತ್ತದೆ, ಸಡಿಲಿಸಿದರೆ ಇಳಿಯುತ್ತದೆ. ಕಾಲು ಸುತ್ತು ತಿರುಗಿಸಿ ಕಾಲು ಗಂಟೆ ಕಾಯಬೇಕು. ಕಾಯುವ ತಾಳ್ಮೆ ಇಲ್ಲದಿದ್ದರೆ ಮುಟ್ಟಬೇಡಿ.

ಮಾಸ್ತರ ಕಾರಿಗೆ ಬರುತ್ತೇನೆ. ಕಾರಿನ ವಾಲ್ವ್ ಬೇರೆ ಆಕಾರದ್ದು, ಅಲ್ಯೂಮಿನಿಯಂನ ಒಂದು ಗಟ್ಟಿಯ ಹಾಗೆ. ಹೊರಗೆ ಬಲ್ಬ್ ಇಲ್ಲ, ವಾಪಸ್ ಬರುವ ಗ್ಯಾಸ್ ಅದರ ಹೊಟ್ಟೆಯೊಳಗೇ ಹಾದು ಹೋಗುತ್ತದೆ. ಸೂಪರ್‌ಹೀಟ್ ಜಾಸ್ತಿ ಬಂತು. ಇದೊಂದನ್ನೇ ನೋಡಿದರೆ ವಾಲ್ವ್ ಮುಚ್ಚಿಕೊಂಡಿದೆ ಎನ್ನಬಹುದು. ಆದರೆ ವಾಲ್ವ್ ಮುಚ್ಚಿದ್ದರೆ ದ್ರವ ಹಿಂದೆ ಕಂಡೆನ್ಸರಿನಲ್ಲಿ, ಅಂದರೆ ಬಿಸಿಯನ್ನು ಹೊರಗೆ ಬಿಡುವ ಕಾಯಿಲಿನಲ್ಲಿ, ತುಂಬಿ ನಿಂತು ಚೆನ್ನಾಗಿ ತಣಿದಿರಬೇಕಿತ್ತು. ಇಲ್ಲಿ ಅದೂ ಇರಲಿಲ್ಲ. ಅಂದರೆ ಗ್ಯಾಸೇ ಕಮ್ಮಿ. ಏಸಿ ಗ್ಯಾಸ್ ಪೆಟ್ರೋಲಿನ ಹಾಗೆ ಖರ್ಚಾಗುವ ವಸ್ತುವಲ್ಲ. ಹತ್ತು ದಿನದಲ್ಲಿ ಕಮ್ಮಿಯಾದರೆ ತೂತು ಇದ್ದೇ ಇದೆ. ಸೋಪ್ ನೀರು ಹಚ್ಚಿದೆ. ಉಪ್ಪುಗಾಳಿ ತಿಂದ ಕಂಡೆನ್ಸರಿನ ಕೆಳಮೂಲೆಯಲ್ಲಿ ಗುಳ್ಳೆ ಎದ್ದಿತು.

ಕಂಡೆನ್ಸರ್, ಡ್ರೈಯರ್, ಓ-ರಿಂಗ್ ಬದಲಿಸಿ, ಬಾನೆಟ್ ಅಡಿಯ ಚೀಟಿಯಲ್ಲಿ ಬರೆದಷ್ಟೇ ಗ್ಯಾಸನ್ನು ತೂಗಿ ಹಾಕಿದೆ. ಮಾಸ್ತರು ಕನ್ನಡಕ ಏರಿಸಿ ಬಿಲ್ ಓದಿದರು. "ಅಲ್ಲ ಮಾರಾಯಾ, ಅವರು ಹೇಳಿದ ವಾಲ್ವಿಗಿಂತ ಇದೇ ಜಾಸ್ತಿ ಆಯ್ತಲ್ಲ?"

"ಹೌದು ಮಾಸ್ತರೇ, ಜಾಸ್ತಿ ಆಯ್ತು" ಎಂದೆ.