ಕಾಲೇಜಿನ ಹೆಸರು ನೋಡಿ ನಾನು ಬದಿಗಿಟ್ಟ ರೆಸ್ಯೂಮೆಗಳು

ಕೆಲವು ವರ್ಷಗಳ ಹಿಂದೆ ನಾನಿದ್ದ ಲಾ ಫರ್ಮ್‌ಗೆ ಹೊಸ ಜೂನಿಯರ್‌ಗಳು ಬೇಕಾಗಿದ್ದರು. ರಾಶಿ ಅರ್ಜಿ ಬಂದವು. ಅವುಗಳನ್ನು ಸೋಸುವ ಕೆಲಸ ನನ್ನ ಪಾಲಿಗೆ ಬಂತು. ನಾನು ಮಾಡಿದ್ದೇನು ಗೊತ್ತಾ? ಪ್ರತಿ ರೆಸ್ಯೂಮೆಯಲ್ಲೂ ಮೊದಲು ಕಾಲೇಜಿನ ಹೆಸರು ಹುಡುಕಿದೆ. ದೊಡ್ಡ ಹೆಸರಾದರೆ ಎಡಕ್ಕೆ, ಕೇಳಿರದ ಹೆಸರಾದರೆ ಬಲಕ್ಕೆ. ಒಂದಕ್ಕೆ ಅರ್ಧ ನಿಮಿಷವೂ ಹಿಡಿಯಲಿಲ್ಲ. ಬಲಗಡೆಯ ರಾಶಿಯನ್ನು ಆಮೇಲೆ ಯಾರೂ ಮುಟ್ಟಲಿಲ್ಲ. ಅದು ಇವತ್ತಿಗೂ ನನ್ನನ್ನು ಚುಚ್ಚುತ್ತದೆ.

ಯಾಕೆ ಹೀಗಾಗುತ್ತದೆ ಅಂದರೆ, ಹೊಸ ವಕೀಲರ ಹತ್ತಿರ ತೋರಿಸಲು ಏನೂ ಇರುವುದಿಲ್ಲ. ನಡೆಸಿದ ಕೇಸಿಲ್ಲ, ಕಕ್ಷಿದಾರರಿಲ್ಲ. ಆಗ ಕಣ್ಣು ತಾನಾಗಿ ಕಾಲೇಜಿನ ಮೇಲೆ ಹೋಗುತ್ತದೆ. ಇನ್ನೊಂದು ಕಾರಣ ಭಯ. ದೊಡ್ಡ ಕಾಲೇಜಿನ ಹುಡುಗ ಕೆಲಸ ಕೆಡಿಸಿದರೆ ಅವನನ್ನು ಆರಿಸಿದವರನ್ನು ಯಾರೂ ಬೈಯುವುದಿಲ್ಲ, ಅದೇ ಸಣ್ಣ ಕಾಲೇಜಿನವನು ಕೆಡಿಸಿದರೆ ‘ಇವನನ್ನು ಯಾಕೆ ತಗೊಂಡ್ರಿ’ ಅನ್ನುವ ಪ್ರಶ್ನೆ ಮೊದಲು ಬರುತ್ತದೆ.

ಅಮೆರಿಕದಲ್ಲಿ ಈ ಅಂತರ ಸಂಬಳದಲ್ಲೇ ಕಾಣುತ್ತದೆ. ಹೊಸ ವಕೀಲರ ಸಂಬಳವನ್ನು ಗ್ರಾಫ್ ಮಾಡಿದರೆ ಎರಡು ದಿಬ್ಬ ಏಳುತ್ತವೆ, ನಡುವೆ ತಗ್ಗು. ಒಂದು ದಿಬ್ಬ ದೊಡ್ಡ ಫರ್ಮ್‌ಗಳದ್ದು. 2023ರ ಕೊನೆಯಿಂದ ಅಂಥ ಹಲವು ಕಡೆ ಮೊದಲ ವರ್ಷದ ಸಂಬಳ 2,25,000 ಡಾಲರ್. ಸರ್ಕಾರಿ ಕೆಲಸ, ಸಣ್ಣ ಆಫೀಸುಗಳ ದಿಬ್ಬ ಅದರ ಅರ್ಧಕ್ಕಿಂತ ಕೆಳಗಿದೆ. ಮೇಲಿನ ದಿಬ್ಬಕ್ಕೆ ಹತ್ತಲು ಹೆಸರಾಂತ ಕಾಲೇಜೇ ಸುಲಭದ ಏಣಿ. ಸಣ್ಣ ಕಾಲೇಜಾದರೆ ತರಗತಿಯಲ್ಲಿ ತೀರಾ ಮುಂದಿರಬೇಕು. ಅಲ್ಲಿನ ಸುಪ್ರೀಂ ಕೋರ್ಟನ್ನೇ ನೋಡಿ, 2020ರಲ್ಲಿ ನೋಟರ್ ಡೇಮ್ ಕಾನೂನು ಕಾಲೇಜಿನಲ್ಲಿ ಓದಿದ ಏಮಿ ಕೋನಿ ಬ್ಯಾರೆಟ್ ನ್ಯಾಯಮೂರ್ತಿಯಾಗಿ ಬಂದಾಗಲೂ ಉಳಿದ ಎಂಟು ನ್ಯಾಯಮೂರ್ತಿಗಳು ಹಾರ್ವರ್ಡ್ ಅಥವಾ ಯೇಲ್‌ನಲ್ಲಿ ಓದಿದವರೇ ಆಗಿದ್ದರು.

ನಮ್ಮ ಫರ್ಮ್‌ಗೆ ಆಮೇಲೆ ಒಬ್ಬ ಹುಡುಗಿ ಇಂಟರ್ನ್ ಆಗಿ ಬಂದಳು. ನಮ್ಮಲ್ಲಿ ಒಬ್ಬರು ರಜೆಯಲ್ಲಿದ್ದರು, ಕೈ ಸಾಲದೆ ತೆಗೆದುಕೊಂಡಿದ್ದು. ಅವಳ ಅರ್ಜಿ ನನ್ನ ಬಲಗಡೆಯ ರಾಶಿಯಲ್ಲೇ ಇತ್ತಂತೆ. ಎರಡನೇ ದಿನ ಒಂದು ಒಪ್ಪಂದದ ಡ್ರಾಫ್ಟ್ ಹಿಡಿದುಕೊಂಡು ನನ್ನ ಟೇಬಲ್ ಹತ್ತಿರ ಬಂದು, ‘ಸರ್, ಹದಿನಾಲ್ಕನೇ ಷರತ್ತಿನಲ್ಲಿ ಮೂರನೇ ಷೆಡ್ಯೂಲ್ ನೋಡಿ ಅಂತಿದೆ, ಆದರೆ ಇದರಲ್ಲಿ ಇರೋದೇ ಎರಡು ಷೆಡ್ಯೂಲ್’ ಅಂದಳು. ಷೆಡ್ಯೂಲ್ ಅಂದರೆ ಒಪ್ಪಂದದ ಕೊನೆಗೆ ಸೇರಿಸುವ ಪಟ್ಟಿ. ಹಣ ಯಾವಾಗ, ಎಷ್ಟು ಕಂತಿನಲ್ಲಿ ಕೊಡಬೇಕು ಅನ್ನುವ ಪಟ್ಟಿಯೇ ಬಿಟ್ಟುಹೋಗಿದ್ದ ಆ ಮೂರನೇ ಷೆಡ್ಯೂಲ್! ನಾವು ಮೂವರು ಓದಿ ಸರಿಯಿದೆ ಅಂದಿದ್ದೆವು. ಮೂವರೂ ಹೆಸರಾಂತ ಕಾಲೇಜಿನವರು.

ನಾಲ್ಕೈದು ವರ್ಷ ಕೆಲಸ ಮಾಡಿದ ಮೇಲೆ ಕಾಲೇಜನ್ನು ಕೇಳುವವರು ಕಡಿಮೆ, ಯಾವ ಕೇಸು ನಡೆಸಿದ್ದೀರಿ ಅಂತ ಕೇಳುತ್ತಾರೆ, ನಿಜ. ಆದರೆ ಆ ಕೇಸುಗಳು ಸಿಗಬೇಕಾದರೆ ಮೊದಲ ಕೆಲಸ ಸಿಗಬೇಕಲ್ವಾ?

ಸಣ್ಣ ಕಾಲೇಜಿನಿಂದ ಬಂದವರಿಗೆ ನಾನು ಹೇಳುವುದು ಇಷ್ಟೇ. ಸುಮ್ನೆ ರೆಸ್ಯೂಮೆ ಕಳಿಸಿ ಕಾಯಬೇಡಿ. ನೀವೇ ಬರೆದ ಎರಡು ಪುಟದ ಡ್ರಾಫ್ಟ್ ಜೊತೆಗಿಡಿ. ಸಾಧ್ಯವಾದರೆ ಒಬ್ಬ ಸೀನಿಯರ್ ಕೆಳಗೆ ಕೆಲವು ವಾರವಾದರೂ ಕೆಲಸ ಮಾಡಿ, ನಿಮ್ಮ ಕೆಲಸ ಕಂಡವರ ಒಂದು ಮಾತಿಗೆ ಜಾಸ್ತಿ ಬೆಲೆಯಿದೆ.

ಆರಿಸುವವರೂ ಬದಲಾಗಬಹುದು. ಲಂಡನ್ನಿನ ಕ್ಲಿಫರ್ಡ್ ಚಾನ್ಸ್ ಫರ್ಮ್ ಕೊನೆಯ ಸಂದರ್ಶನದಲ್ಲಿ ಅಭ್ಯರ್ಥಿ ಓದಿದ ವಿಶ್ವವಿದ್ಯಾಲಯ ಯಾವುದೆಂದು ಸಂದರ್ಶಕರಿಗೆ ಹೇಳದಿರುವ ಕ್ರಮ ತಂದಿತ್ತು. ನಾನು ಅದನ್ನು ಮೊದಲ ಹಂತಕ್ಕೇ ತಂದಿದ್ದೇನೆ. ಈಗ ಅರ್ಜಿ ಹಾಕಿದ ಎಲ್ಲರಿಗೂ ಆ ಹಳೆಯ ಒಪ್ಪಂದವನ್ನೇ ಕಳಿಸುತ್ತೇನೆ, ಕಕ್ಷಿದಾರರ ಹೆಸರು ತೆಗೆದು, ಮೂರನೇ ಷೆಡ್ಯೂಲ್ ಇಲ್ಲದೆ. ಉತ್ತರ ಓದಿ ಮುಗಿಸುವವರೆಗೂ ರೆಸ್ಯೂಮೆ ತೆರೆಯುವುದಿಲ್ಲ.