ಓಣಿಯ ತಿಪ್ಪೆ: ಬಳ್ಳಾರಿ ಬಿಸಿಲಲ್ಲಿ ನಾಲ್ಕು ತಿಂಗಳು

ಓಣಿಯ ಹಸಿ ಕಸದಿಂದ ಗೊಬ್ಬರ ಮಾಡೋಣ ಅಂತ ಫೆಬ್ರವರಿ ಮೊದಲ ವಾರ ಶುರು ಮಾಡಿದ್ದು, ಈಗ ಮೇ ಮುಗಿಯುತ್ತಾ ಬಂತು. ಕೇಳಿದವರಿಗೆಲ್ಲ ಒಬ್ಬೊಬ್ಬರಿಗೇ ಹೇಳುವ ಬದಲು ಒಂದೇ ಕಡೆ ಬರೆದಿಡೋಣ ಅಂತ ಕೂತಿದ್ದೇನೆ.

ನಾವಿರುವುದು ಕೌಲ್ ಬಜಾರ್ ಕಡೆ ಒಂದು ಸಣ್ಣ ಓಣಿಯಲ್ಲಿ. ಒಟ್ಟು 9 ಮನೆ. ಓಣಿಯ ಕೊನೆಗೆ ಒಂದು ಬೇವಿನ ಮರ, ಅದರ ಪಕ್ಕ ಒಂದಿಷ್ಟು ಖಾಲಿ ಜಾಗ. ಮೊದಲು ಎಲ್ಲರೂ ಅಲ್ಲೇ ಕಸ ಎಸೆಯುತ್ತಿದ್ದೆವು, ನಮ್ಮ ಮನೆಯವರೂ. ಜನವರಿಯಲ್ಲಿ ಒಂದು ದಿನ ಬೆಳಿಗ್ಗೆ ಒಂದು ಆಕಳು ಅಲ್ಲಿ ಗಂಟು ಹಾಕಿದ ಕ್ಯಾರಿಬ್ಯಾಗ್ ಬಿಚ್ಚಲು ಬಹಳ ಹೊತ್ತು ಒದ್ದಾಡಿತು. ಕಾಲಲ್ಲಿ ಒತ್ತಿ ಹಿಡಿದು ಎಳೆಯಿತು, ಆಗಲಿಲ್ಲ, ಕೊನೆಗೆ ಹಾಗೇ ನುಂಗಿತು. ಒಳಗಿದ್ದದ್ದು ರಾತ್ರಿ ಉಳಿದ ಅನ್ನ. ಅದನ್ನು ನೋಡಿದ ಮೇಲೆ ಸುಮ್ನೆ ಇರಲು ಆಗಲಿಲ್ಲ.

ನಮ್ಮ ಅಜ್ಜಿ ಕಾಲದಲ್ಲಿ ಮುಸುರೆ ಎಮ್ಮೆಗೆ ಹೋಗುತ್ತಿತ್ತು, ಒಲೆಯ ಬೂದಿ ಪಾತ್ರೆ ತಿಕ್ಕಲು, ಉಳಿದದ್ದೆಲ್ಲ ತಿಪ್ಪೆಗೆ. ಬೇಸಿಗೆಯಲ್ಲಿ ತಿಪ್ಪೆ ಒಡೆದು ಗಾಡಿ ಕಟ್ಟಿ ಹೊಲಕ್ಕೆ ಹೊಡೆಯುತ್ತಿದ್ದರು. ನಾವು ಮಾಡಿದ್ದೂ ಅದನ್ನೇ, ಹೊಸದೇನಲ್ಲ. ಜಾಗದ ಮಾಲೀಕರು ಒಪ್ಪಿದರು. ಹಳೆ ಇಟ್ಟಿಗೆಗಳನ್ನು ಸಿಮೆಂಟ್ ಇಲ್ಲದೆ, ನಡುವೆ ಸಂದು ಬಿಟ್ಟು, 4 ಅಡಿ ಉದ್ದ 4 ಅಡಿ ಅಗಲ ಜೋಡಿಸಿದೆವು. ಎತ್ತರ ಮೂರೂವರೆ ಅಡಿ. ಇದಕ್ಕಿಂತ ತೀರಾ ಚಿಕ್ಕದಾದರೆ, ಕೊಳೆಯುವಾಗ ಹುಟ್ಟುವ ಕಾವನ್ನು ರಾಶಿ ಹಿಡಿದಿಟ್ಟುಕೊಳ್ಳುವುದಿಲ್ಲ. ಮೂರಡಿ ಉದ್ದ, ಅಗಲ, ಎತ್ತರವಾದರೂ ಇದ್ದರೆ ಒಳ್ಳೆಯದು.

ಲೆಕ್ಕ ಸುಲಭ. ಒಂದು ಬಕೆಟ್ ಹಸಿ ಕಸಕ್ಕೆ ಎರಡು ಬಕೆಟ್ ಒಣ ಎಲೆ. ಇಂಗಾಲ ಸುಮಾರು 30 ಪಾಲು, ಸಾರಜನಕ 1 ಪಾಲು ಇದ್ದರೆ ಕೊಳೆಯುವುದು ಚೆನ್ನಾಗಿ ಆಗುತ್ತದೆ. ಕಾಯಿಪಲ್ಲೆ ಸಿಪ್ಪೆಯಲ್ಲಿ ಸಾರಜನಕ ಜಾಸ್ತಿ, ಒಣ ಎಲೆಯಲ್ಲಿ ಇಂಗಾಲ ಜಾಸ್ತಿ. ಫೆಬ್ರವರಿ-ಮಾರ್ಚಿನಲ್ಲಿ ಬೇವು ಎಲೆ ಉದುರಿಸುತ್ತದೆ, ಗೋಣಿಚೀಲದಲ್ಲಿ ತುಂಬಿಟ್ಟುಕೊಂಡರೆ ವರ್ಷಕ್ಕಾಗುತ್ತದೆ. ಭತ್ತದ ಹೊಟ್ಟು ಹಾಕಿದರೆ ಹೇಗೆ ಅಂತ ಕೆಲವರು ಕೇಳಿದರು. ಹಾಕಿ ನೋಡಿದೆ, ಅದರಲ್ಲಿ ಸಿಲಿಕಾ ಜಾಸ್ತಿ, ತಿಂಗಳುಗಟ್ಟಲೆ ಹಾಗೇ ಕೂತಿರುತ್ತದೆ. ಎಲೆಯೇ ವಾಸಿ. ಶುರುವಿಗೆ ಮೇಲೆ ಸಗಣಿ ನೀರು, ಒಂದು ತಂಬಿಗೆ ಹುಳಿ ಮಜ್ಜಿಗೆ.

ಆರನೇ ದಿನ ರಾಶಿಯೊಳಗೆ ಕಬ್ಬಿಣದ ಸರಳು ಚುಚ್ಚಿಟ್ಟು, ಸ್ವಲ್ಪ ಹೊತ್ತು ಬಿಟ್ಟು ಎಳೆದೆ. ತುದಿ ಕೈಯಲ್ಲಿ ಹಿಡಿಯಲು ಆಗಲಿಲ್ಲ, ಅಷ್ಟು ಬಿಸಿ! ಓಣಿಯ ಹುಡುಗರೆಲ್ಲ ಸಾಲಾಗಿ ನಿಂತು ಮುಟ್ಟಿ ನೋಡಿದರು.

ಮಾರ್ಚ್ ಮಧ್ಯ: ರಾಶಿ ತಣ್ಣಗಾಯಿತು

ಸರಳು ಚುಚ್ಚಿದರೆ ತಣ್ಣಗೆ. ಗೊಬ್ಬರ ಆಗಿಬಿಟ್ಟಿತೇನೋ ಅಂದುಕೊಂಡು ಅಗೆದೆ. ಎಲೆ ಎಲೆಯಾಗಿಯೇ ಇತ್ತು, ಮೇಲೆ ಬೂದಿ ಬಳಿದಂತೆ ಬೆಳ್ಳಗೆ. ಒಂದು ಹಿಡಿ ತೆಗೆದು ಮುಷ್ಟಿಯಲ್ಲಿ ಹಿಂಡಿದೆ, ಉಂಡೆಯೇ ಕಟ್ಟಲಿಲ್ಲ, ಬೆರಳ ಸಂದಿಯಿಂದ ಪುಡಿಪುಡಿಯಾಗಿ ಉದುರಿತು. ಹಿಂಡಿದಾಗ ಕೈಗೆ ತೇವ ಹತ್ತಬೇಕು, ಒಂದೆರಡು ಹನಿ ಬಂದರೂ ಸರಿ. ಅಂದರೆ ರಾಶಿಯಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ನೀರೇ ಇರಬೇಕು.

ನಾನು ನೋಡಿದ ವಿಡಿಯೊಗಳಲ್ಲೆಲ್ಲ ಒಂದೇ ಮಾತು: ನೀರು ಜಾಸ್ತಿ ಆದರೆ ನಾರುತ್ತದೆ, ಗಾಳಿ ಆಡಲು ತೂತು ಬಿಡಿ. ಬೆಂಗಳೂರಿನ ಹವೆಗೆ ಅದು ಸರಿ ಇರಬಹುದು. ಬಳ್ಳಾರಿಯಲ್ಲಿ ಮಾರ್ಚಿನಿಂದಲೇ ಬೀಸುವ ಬಿಸಿಗಾಳಿ ಆ ಸಂದುಗಳಿಂದ ನುಗ್ಗಿ ಇದ್ದ ತೇವವನ್ನೆಲ್ಲ ಹೀರಿಬಿಡುತ್ತದೆ. ಇಲ್ಲಿ ರಾಶಿ ನಾರುವುದು ಅಪರೂಪ, ಒಣಗಿ ನಿಂತುಬಿಡುತ್ತದೆ. ವಾಸನೆ ಬರುವುದಿಲ್ಲವಾದ್ದರಿಂದ ತಪ್ಪಾಗಿದೆ ಅಂತ ಗೊತ್ತೂ ಆಗುವುದಿಲ್ಲ. ನಮ್ಮ ಕಡೆ ಯಾರಾದರೂ ಶುರು ಮಾಡುವುದಾದರೆ ಈ ಒಂದು ವಿಷಯ ಗಮನದಲ್ಲಿರಲಿ.

ಹಾಗಂತ ನೀರು ಎಲ್ಲಿಂದ ತರುವುದು? ನಮ್ಮ ಓಣಿಗೆ ನಲ್ಲಿ ನೀರು ದಿನಾ ಬರುವುದಿಲ್ಲ, ಕುಡಿಯುವ ನೀರನ್ನು ಕಸಕ್ಕೆ ಸುರಿಯಿರಿ ಅಂತ ಹೇಳಲು ನನಗೇ ಮನಸ್ಸು ಬರಲಿಲ್ಲ. ಎದುರು ಮನೆಯ ಅಕ್ಕ ದಾರಿ ತೋರಿಸಿದರು. ಅಕ್ಕಿ ತೊಳೆದ ನೀರು, ಕಾಯಿಪಲ್ಲೆ ತೊಳೆದ ನೀರು, ಹೇಗೂ ಚರಂಡಿಗೆ ಹೋಗುವುದು ಅಲ್ವಾ? ಹಸಿ ಕಸ ತರುವಾಗ ಪ್ರತಿ ಮನೆಯಿಂದ ಒಂದೊಂದು ತಂಬಿಗೆ. ಪಶ್ಚಿಮದ ಬಿಸಿಲು ಬೀಳುವ ಗೋಡೆಗೆ ಒಳಗಿನಿಂದ ಗೋಣಿಚೀಲ ಹೊದಿಸಿದೆವು, ರಾಶಿಯ ಮೇಲೆ ಒದ್ದೆ ಗೋಣಿ. ನಾಲ್ಕೇ ದಿನ, ಸರಳು ಮತ್ತೆ ಸುಡತೊಡಗಿತು. ಆಮೇಲೆ ಥರ್ಮಾಮೀಟರ್ ತಂದು ನೋಡಿದರೆ 58 ಡಿಗ್ರಿ. 55ರ ಮೇಲೆ ಮೂರು ದಿನ ನಿಂತರೆ ರೋಗಾಣುಗಳೂ ಕಳೆ ಬೀಜಗಳೂ ಬಹುಪಾಲು ಸಾಯುತ್ತವೆ.

ಏಪ್ರಿಲ್‌ನಲ್ಲಿ ಗೆಳೆಯನೊಬ್ಬ ಎರೆಹುಳು ತಂದುಕೊಟ್ಟ. ಬೇರೆ ಟಬ್‌ನಲ್ಲಿ ನೆರಳಲ್ಲೇ ಇಟ್ಟಿದ್ದೆ, ಆದರೂ ಒಂದೇ ವಾರಕ್ಕೆ ಎಲ್ಲಾ ಸತ್ತವು. ಅವು 35 ಡಿಗ್ರಿ ದಾಟಿದರೆ ಬದುಕುವುದು ಕಷ್ಟ. ತುಂಬಾ ಬೇಜಾರಾಯಿತು. ಮಳೆಗಾಲ ಹಿಡಿದ ಮೇಲೆ ನೋಡಬೇಕು.

ಮೇ: ಜರಡಿ ಹಿಡಿದ ದಿನ

ಮೊದಲ ರಾಶಿಗೆ ಹಾಕಿದ್ದು ಒಟ್ಟು 410 ಕೆಜಿ ಹಸಿ ಕಸ, ಸ್ಪ್ರಿಂಗ್ ತಕ್ಕಡಿಯಲ್ಲಿ ತೂಗಿ ಗೋಡೆ ಮೇಲೆ ಇದ್ದಿಲಿನಿಂದ ಬರೆದ ಲೆಕ್ಕ. ಜರಡಿ ಹಿಡಿದ ಮೇಲೆ ಸಿಕ್ಕ ಗೊಬ್ಬರ 92 ಕೆಜಿ. ಕಪ್ಪಗೆ, ಮೊದಲ ಮಳೆ ಬಿದ್ದ ನೆಲದ ವಾಸನೆ.

ಆದರೆ ಜರಡಿ ಮೇಲೆ ಉಳಿದದ್ದನ್ನು ನೋಡಬೇಕಿತ್ತು. ಶ್ಯಾಂಪೂ ಸ್ಯಾಶೆಯ ತುದಿಗಳು, ಸೇಬಿನ ಮೇಲಿನ ಸ್ಟಿಕರ್, ಬಿಂದಿ, ಹಾಲಿನ ಪ್ಯಾಕೆಟ್‌ನ ಕತ್ತರಿಸಿದ ಮೂಲೆಗಳಂತೂ ಲೆಕ್ಕವಿಲ್ಲ. (ಮೂಲೆಯನ್ನು ಪೂರ್ತಿ ಕತ್ತರಿಸದೆ ಪ್ಯಾಕೆಟ್‌ಗೇ ಅಂಟಿಕೊಂಡಿರುವಂತೆ ಬಿಡಿ, ಪ್ಯಾಕೆಟ್ ಜೊತೆ ಗುಜರಿಗೆ ಹೋಗುತ್ತದೆ.) ಒಂದು ಬ್ಲೇಡ್ ಕೂಡ ಇತ್ತು, ನನ್ನ ಅಂಗೈ ಕುಯ್ದಿತು. ಹಸಿ, ಒಣ, ಅಪಾಯದ ಕಸ ಅಂತ ಮನೆಯಲ್ಲೇ ಮೂರು ಭಾಗ ಮಾಡಬೇಕು ಅಂತ 2016ರಲ್ಲೇ ನಿಯಮ ಬಂದಿತ್ತು. ನಮ್ಮದು ಒಂಬತ್ತೇ ಮನೆಯ ಕಸ. ದಿನಾ ಊರ ಕಸಕ್ಕೆಲ್ಲ ಕೈ ಹಾಕುವ ಪೌರಕಾರ್ಮಿಕರ ಕೈಗಳು ಏನಾಗುತ್ತಿರಬೇಕು! ಈಗ ಬ್ಲೇಡು, ಒಡೆದ ಗಾಜನ್ನು ಪೇಪರಿನಲ್ಲಿ ಸುತ್ತಿ, ಮೇಲೆ ಕೆಂಪು ಗುರುತು ಹಾಕಿ, ಬೇರೆಯಾಗಿ ಕೊಡುತ್ತೇವೆ.

ಇನ್ನೊಂದು, ನೀಲಿ ದಾರ. ಬಳ್ಳಾರಿ ಜೀನ್ಸ್ ಊರು ತಾನೇ, ನಮ್ಮ ಓಣಿಯಲ್ಲೂ ಎರಡು ಮನೆಯವರು ಪ್ಯಾಂಟ್‌ಗಳ ಹೆಚ್ಚುವರಿ ದಾರ ಕತ್ತರಿಸುವ ಕೆಲಸ ತರುತ್ತಾರೆ. ನೆಲ ಗುಡಿಸಿದಾಗ ಆ ದಾರ, ಬಟ್ಟೆ ಚೂರು ಸಿಪ್ಪೆಯ ಬಕೆಟ್‌ಗೆ ಬಿದ್ದಿದೆ. ಹತ್ತಿ ಆದರೆ ಕೊಳೆಯುತ್ತದೆ ಅಂದುಕೊಂಡಿದ್ದೆ. ಜರಡಿಯಿಂದ ಒಂದು ಚೂರು ಎತ್ತಿ ಬೆಳಕಿಗೆ ಹಿಡಿದರೆ, ನೀಲಿ ಹತ್ತಿಯೆಲ್ಲ ಹೋಗಿ ಕೂದಲಿನಂತಹ ಬಿಳಿ ಎಳೆಗಳು ಮಾತ್ರ ಉಳಿದಿದ್ದವು. ಎಳೆದರೆ ಹಿಗ್ಗುತ್ತದೆ, ಬಿಟ್ಟರೆ ಸುರುಳಿ. ಸ್ಟ್ರೆಚ್ ಜೀನ್ಸ್‌ನಲ್ಲಿ ಹಾಕುವ ಸ್ಪ್ಯಾಂಡೆಕ್ಸ್ ಅದು, ಮಣ್ಣಿನಲ್ಲಿ ಕರಗುವುದಿಲ್ಲ. ಎರಡು ಸಂಜೆ ಕೂತು ಕೈಯಿಂದಲೇ ಆರಿಸಿದೆವು, ಆ ಮನೆಯ ಅಕ್ಕಂದಿರೂ ಬಂದು ಕೂತರು. ಅವರ ಮೇಲೆ ಬೇಜಾರಿಲ್ಲ, ಒಂದು ಪ್ಯಾಂಟ್‌ಗೆ ಇಷ್ಟು ಅಂತ ದುಡಿಯುವವರು, ಆ ಚೂರು ಎಲ್ಲಿ ಹಾಕಬೇಕು ಅಂತ ಯಾರೂ ಅವರಿಗೆ ಹೇಳಿರಲಿಲ್ಲ. ನಾನೂ ಹೇಳಿರಲಿಲ್ಲ.

ಈಗ ದಾರಕ್ಕೇ ಒಂದು ಚೀಲ ಕಟ್ಟಿದ್ದೇವೆ, ಅದು ಈಗಾಗಲೇ ಅರ್ಧ ತುಂಬಿದೆ. ಗುಜರಿಯವರು ದೊಡ್ಡ ಚೂರು ಮಾತ್ರ ತೆಗೆದುಕೊಳ್ಳುತ್ತಾರೆ, ದಾರ ಬೇಡ ಅಂತಾರೆ. ದಿಂಬಿಗೆ ತುಂಬಿ ನೋಡೋಣ ಅಂತ ಒಬ್ಬ ಅಕ್ಕ ಒಂದು ಸೇರು ಒಯ್ದಿದ್ದಾರೆ. ನಿಮ್ಮ ಓಣಿಯಲ್ಲಿ ಇದಕ್ಕೆ ಬೇರೆ ಏನಾದರೂ ದಾರಿ ಸಿಕ್ಕಿದ್ದರೆ ದಯವಿಟ್ಟು ಹೇಳಿ. ಗೊಬ್ಬರವನ್ನು 9 ಪಾಲು ಮಾಡಿ ಹಂಚಿ ಆಯಿತು. ಎರಡನೇ ರಾಶಿ ಈಗ ಎರಡಡಿ ಎತ್ತರ ಬಂದಿದೆ, ಇವತ್ತು ಬೆಳಿಗ್ಗೆ 61 ಡಿಗ್ರಿ.