ಕಡಮತ್‌ಗೆ ಹೋಗುವ ಈರುಳ್ಳಿ

ನಾನು ದಾವಣಗೆರೆಯವಳು, ಇವರು ಕುಂದಾಪುರದವರು. ಮದುವೆಯಾಗಿ ಆರು ವರ್ಷ ಮಂಗಳೂರಿನಲ್ಲಿದ್ದರೂ ನಾನು ಕಡಲಿಗೆ ಮೊಣಕಾಲಿಗಿಂತ ಆಳ ಇಳಿದಿರಲಿಲ್ಲ. 2024ರ ಅಕ್ಟೋಬರ್‌ನಲ್ಲಿ ಇವರು ನೇತ್ರಾಣಿ ದ್ವೀಪಕ್ಕೆ ಹೋಗೋಣ, ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿಕೊಂಡು ನೀರೊಳಗೆ ಇಳಿಯೋಣ, ಸ್ಕೂಬಾ ಡೈವಿಂಗ್ ಮಾಡೋಣ ಅಂದರು. ಮೂರು ದಿನ ನಾನು ಉತ್ತರ ಕೊಡಲಿಲ್ಲ. ನಾಲ್ಕನೇ ದಿನ ಹೂಂ ಅಂದೆ.

ಮುರುಡೇಶ್ವರದಿಂದ ನೇತ್ರಾಣಿ ಸುಮಾರು 19 ಕಿಲೋಮೀಟರ್. ದೋಣಿಯಲ್ಲಿ ಒಂದೂವರೆ ಗಂಟೆ. 123 ಅಡಿಯ ಶಿವನ ಮೂರ್ತಿ ಹಿಂದೆ ಸರಿಯುತ್ತಾ ಹೆಬ್ಬೆರಳಿನಷ್ಟಾಯಿತು. ಅಷ್ಟರಲ್ಲಿ ನನಗೆ ಎರಡು ಸಲ ವಾಂತಿ. ದ್ವೀಪ ಹತ್ತಿರ ಬಂದಾಗ ಬಂಡೆಯ ಮೇಲಿಂದ ಬಿಳಿ ಹೊಟ್ಟೆಯ ಕಡಲ ಹದ್ದೊಂದು ಎದ್ದು ಹಾರಿತು. ನಾವು ದ್ವೀಪ ಹತ್ತಲಿಲ್ಲ. ಪಕ್ಕದಲ್ಲೇ ಲಂಗರು ಹಾಕಿದರು.

ಕಲಿಸುವ ಹುಡುಗ ಒಂದೇ ಮಾತನ್ನು ಮತ್ತೆ ಮತ್ತೆ ಹೇಳಿದ. "ಅಕ್ಕಾ, ಈಜು ಬರದಿದ್ದರೂ ಪರವಾಗಿಲ್ಲ, ನಾನು ಹಿಡಿದಿರ್ತೇನೆ. ಉಸಿರು ಮಾತ್ರ ಕಟ್ಟಬೇಡಿ." ಕಾರಣವನ್ನೂ ಹೇಳಿದ. ಹತ್ತು ಮೀಟರ್ ಕೆಳಗೆ ಒತ್ತಡ ಮೇಲಿನದಕ್ಕಿಂತ ಎರಡು ಪಟ್ಟು. ಅಲ್ಲಿ ಎಳೆದುಕೊಂಡ ಉಸಿರನ್ನು ಕಟ್ಟಿ ಹಿಡಿದು ಮೇಲೆ ಬಂದರೆ ಗಾಳಿ ಎದೆಯೊಳಗೇ ಹಿಗ್ಗುತ್ತದೆ, ಶ್ವಾಸಕೋಶಕ್ಕೆ ಪೆಟ್ಟಾಗುತ್ತದೆ. ಹೆದರಿದಾಗ ನಾನು ಮೊದಲು ಮಾಡುವುದೇ ಉಸಿರು ಕಟ್ಟುವುದು! ಅದಕ್ಕೇ ಇಳಿಯುವಾಗ ಒಳಗೊಳಗೇ ಎಣಿಸಿದೆ: ನಾಲ್ಕು ಎಣಿಸಿ ಒಳಗೆ, ಆರು ಎಣಿಸಿ ಹೊರಗೆ.

ಎರಡು ಮೀಟರ್‌ಗೆ ಕಿವಿ ನೋಯಿತು. ಮೂಗು ಹಿಡಿದು ಊದಿದೆ, ಟಪ್ ಎಂದು ಬಿಟ್ಟಿತು. ಇನ್ನೆರಡು ಮೀಟರ್, ಮತ್ತೆ ಊದಿದೆ. ಆಮೇಲೆ ಸದ್ದು ಕೇಳಿಸಿತು. ಕಟ ಕಟ, ಯಾರೋ ಪಕ್ಕದಲ್ಲೇ ಕಲ್ಲುಸಕ್ಕರೆ ಕಡಿದಂತೆ. ತಿರುಗಿ ನೋಡಿದರೆ ಗಿಳಿಮೀನು, ಹವಳದ ಕಲ್ಲನ್ನು ಕಚ್ಚುತ್ತಿತ್ತು. ಅದು ತಿಂದ ಕಲ್ಲು ಹೊಟ್ಟೆಯೊಳಗೆ ಪುಡಿಯಾಗಿ, ಮರಳಾಗಿ ಹೊರಗೆ ಬೀಳುತ್ತದೆ. ನೀರೊಳಗೆ ಏನೂ ಕೇಳಿಸುವುದಿಲ್ಲ ಅಂತ ಅಲ್ಲಿವರೆಗೂ ನಂಬಿದ್ದೆ. ನನ್ನ ಕೆಂಪು ಕೂದಲ ಬ್ಯಾಂಡ್ ಕಂದು ಬಣ್ಣಕ್ಕೆ ತಿರುಗಿತ್ತು ಅಂತ ಇವರು ಮೇಲೆ ಬಂದು ಹೇಳಿದರು. ನೀರು ಎಲ್ಲಕ್ಕಿಂತ ಮೊದಲು ಕೆಂಪನ್ನೇ ನುಂಗುತ್ತದಂತೆ.

ದೋಣಿ ಏರಿ ಕೂತಾಗ ನಾನು ಅತ್ತೆ. ಹೆದರಿಕೆಯಿಂದ ಅಲ್ಲ. ಇಷ್ಟು ಹತ್ತಿರ ಇದ್ದದ್ದನ್ನು ಆರು ವರ್ಷ ನೋಡದೇ ಬಿಟ್ಟೆನಲ್ಲಾ ಅಂತ.

ಭಾನುವಾರ ರಾತ್ರಿ ಮನೆ ಬಾಗಿಲು ತೆಗೆದರೆ ವಾಸನೆ. ನಾವಿಲ್ಲದಾಗ ಗುಡುಗು ಮಿಂಚಿಗೆ ಎಂಸಿಬಿ ಟ್ರಿಪ್ ಆಗಿ ಮನೆಯ ಕರೆಂಟು ಹೋಗಿತ್ತು. ಅತ್ತೆ ಕಳಿಸಿದ್ದ ಎರಡು ಕೆಜಿ ಬಂಗುಡೆ ಫ್ರಿಜ್‌ನಲ್ಲಿ ಎರಡು ದಿನ ಕೊಳೆತಿತ್ತು. ನಿಂಬೆಹಣ್ಣು, ಸೋಡಾಪುಡಿ, ಕಾಫಿಪುಡಿ ಎಲ್ಲಾ ಆಯಿತು. ಕೊನೆಗೆ ಕೆಲಸಕ್ಕೆ ಬಂದದ್ದು ಪಕ್ಕದ ಮನೆಯ ಬಾಯಮ್ಮ ಬಟ್ಟಲಲ್ಲಿ ತಂದಿಟ್ಟ ಇದ್ದಿಲು. ಅದನ್ನು ಒಂದು ವಾರ ಒಳಗೇ ಬಿಡಬೇಕು. ಅವತ್ತಿನಿಂದ ಊರಿಗೆ ಹೊರಡುವಾಗ ಫ್ರಿಜ್ ಖಾಲಿ ಮಾಡಿಯೇ ಹೊರಡುತ್ತೇವೆ.

ನವೆಂಬರ್‌ನಿಂದ ನಾನು ಈಜು ಕಲಿತೆ. ಬೆಳಿಗ್ಗೆ ಆರೂವರೆಗೆ ಕೊಳಕ್ಕೆ ಹೋಗುತ್ತಿದ್ದೆ. ಡೈವಿಂಗ್‌ನ ಮೊದಲ ಕೋರ್ಸ್‌ಗೆ 200 ಮೀಟರ್ ಈಜಬೇಕು, ಹತ್ತು ನಿಮಿಷ ತೇಲಬೇಕು. ನನಗೆ ಎರಡೂವರೆ ತಿಂಗಳು ಹಿಡಿಯಿತು.

ಜನವರಿಯಲ್ಲಿ ಗೋವಾದ ದೋನಾ ಪಾವ್ಲಾದಲ್ಲಿ ನಾಲ್ಕು ದಿನ ಹಾಯಿದೋಣಿ ಕಲಿತೆವು. ಇದು ಇವರ ಆಸೆ. ಇವರ ಅಜ್ಜ ಹಾಯಿ ಕಟ್ಟಿ ಮೀನಿಗೆ ಹೋದವರು. ಮೊಮ್ಮಗನ ಕಾಲಕ್ಕೆ ಊರಿನ ದೋಣಿಗಳಲ್ಲೆಲ್ಲ ಎಂಜಿನ್. ಹಾಯಿ ಗಾಳಿಗೆ ಎದುರಾಗಿ ನೇರ ಹೋಗುವುದಿಲ್ಲ. ಸುಮಾರು 45 ಡಿಗ್ರಿ ಓರೆಯಾಗಿ ಒಂದು ಸಲ ಎಡಕ್ಕೆ, ಒಂದು ಸಲ ಬಲಕ್ಕೆ ಹೋಗುತ್ತಾ ಮುಂದೆ ಸಾಗಬೇಕು. ಬೆಳಿಗ್ಗೆ ನೆಲದಿಂದ ಬೀಸುವ ಗಾಳಿ ಸಣ್ಣದು. ಮಧ್ಯಾಹ್ನ ನೆಲ ಕಾದ ಮೇಲೆ ಕಡಲಗಾಳಿ ಜೋರಾಗುತ್ತದೆ. ಮೂರನೇ ದಿನ ಆ ಗಾಳಿಗೆ ನಮ್ಮ ದೋಣಿ ಮಗುಚಿತು. ನಾನು ನೀರಿನ ಮೇಲೆ ಬಂದೆ. ಇವರು ಕಾಣಲಿಲ್ಲ. ಹಾಯಿಯ ಅಡಿಯಲ್ಲಿದ್ದರು.

ನಾಲ್ಕೈದು ಸೆಕೆಂಡು ಇದ್ದಿರಬಹುದು. ನಾನು ಹಾಯಿಯ ಅಂಚು ಎತ್ತಿದೆ, ಇವರ ತಲೆ ಹೊರಗೆ ಬಂತು. ಆಮೇಲೆ ಹೇಳಿಕೊಟ್ಟಂತೆ ದೋಣಿಯ ಅಡಿಯಿಂದ ಹೊರಚಾಚಿದ ಹಲಗೆಯ ಮೇಲೆ ಹತ್ತಿ ನಿಂತು, ಅಂಚು ಹಿಡಿದು ಹಿಂದಕ್ಕೆ ವಾಲಿದೆ. ಹಾಯಿ ಕಟ್ಟುವ ಕೂವೆಮರ ನಿಧಾನ ಮೇಲೆದ್ದಿತು. ಆರು ವರ್ಷ "ಹೆದರಬೇಡ ಮಾರಾಯ್ತಿ" ಅಂತ ಕೇಳಿಸಿಕೊಂಡಿದ್ದ ನಾನು ಅವತ್ತು ಇವರ ಕೈ ಹಿಡಿದು ಹೆದರಬೇಡಿ ಅಂದೆ.

ಅದೇ ವಾರ ಮನೆಯಲ್ಲಿ ಟ್ಯಾಂಕಿನ ಬಾಲ್ ವಾಲ್ವ್ ಕೆಟ್ಟು, ಮೆಟ್ಟಿಲ ಮೇಲೆಲ್ಲ ನೀರು ಹರಿದಿತ್ತು. ಬಾಯಮ್ಮನೇ ನೋಡಿ ಲೈನು ಬಂದ್ ಮಾಡಿದ್ದರು.

ಫೆಬ್ರವರಿಯಲ್ಲಿ ಲಕ್ಷದ್ವೀಪದ ಕಡಮತ್. ಪರವಾನಗಿ ಪಡೆದು, ಕೊಚ್ಚಿಗೆ ರೈಲಿನಲ್ಲಿ ಹೋಗಿ, ಅಲ್ಲಿಂದ ಹಡಗು ಹತ್ತಿದೆವು. ಉದ್ದ ಸುಮಾರು 9 ಕಿಲೋಮೀಟರ್, ಅಗಲ ಎಲ್ಲೂ ಒಂದು ಕಿಲೋಮೀಟರ್ ಇಲ್ಲ. ಕೆಲವು ಕಡೆ ರಸ್ತೆಯಲ್ಲಿ ನಿಂತರೆ ಎರಡೂ ಕಡೆಯ ನೀರು ಕಾಣುತ್ತದೆ. ನಾಲ್ಕು ದಿನ, ನಾಲ್ಕು ಡೈವ್. ಕೊನೆಯದು 18 ಮೀಟರ್. ಇಳಿಯುವ ಮೊದಲು ಜೊತೆಗಾರರ ಸಿಲಿಂಡರ್, ಪಟ್ಟಿ, ಕೊಕ್ಕೆ ಎಲ್ಲವನ್ನೂ ಪರಸ್ಪರ ಮುಟ್ಟಿ ನೋಡಬೇಕು. ನೀರೊಳಗೂ ಆಗಾಗ ಕೇಳುತ್ತಿರಬೇಕು, ಗಾಳಿ ಎಷ್ಟಿದೆ ಅಂತ. ಇವರು ಜಾಸ್ತಿ ಉಸಿರಾಡುತ್ತಾರೆ. ಉಳಿದ ಗಾಳಿ ತೋರಿಸುವ ನನ್ನ ಮೀಟರ್‌ನಲ್ಲಿ 120 ಇರುವಾಗ ಇವರದು 80. ಅದಕ್ಕೆ ಇವರ ಮೀಟರ್ ನೋಡಿಯೇ ನಾವು ಮೇಲೇಳುತ್ತಿದ್ದೆವು. ಮೇಲೆ ಬರುವಾಗ ಸುರಕ್ಷತೆಗೆಂದು ಐದು ಮೀಟರ್ ಆಳದಲ್ಲಿ ಮೂರು ನಿಮಿಷ ಕಾಯುವಾಗ ಒಬ್ಬರ ಮುಖ ಒಬ್ಬರು ನೋಡುವುದು ಬಿಟ್ಟು ಬೇರೆ ಕೆಲಸ ಇರುವುದಿಲ್ಲ.

ಆದರೆ ಅಲ್ಲಿ ಕಂಡ ಹವಳ ನನ್ನನ್ನು ಬಿಟ್ಟಿಲ್ಲ. 2024ರ ಬೇಸಿಗೆಯಲ್ಲಿ ಲಕ್ಷದ್ವೀಪದ ನೀರು ವಿಪರೀತ ಕಾಯಿತು. ಹವಳದ ಜೀವಿಯೊಳಗೆ ಪಾಚಿ ವಾಸ ಮಾಡುತ್ತದೆ. ಬಣ್ಣವೂ ಅದರದ್ದೇ, ಊಟದ ದೊಡ್ಡ ಪಾಲೂ ಅದರದ್ದೇ. ನೀರು ಬಿಸಿಯಾದರೆ ಹವಳ ಆ ಪಾಚಿಯನ್ನು ಹೊರಗೆ ಹಾಕಿ ಬೆಳ್ಳಗಾಗುತ್ತದೆ. ಬಿಸಿ ಇಳಿಯದಿದ್ದರೆ ಸಾಯುತ್ತದೆ. ನಾವು ಹೋದಾಗ ಕೊಂಬೆಕೊಂಬೆಯಾಗಿ ಬೆಳೆಯುವ ಹವಳಗಳೆಲ್ಲ ಬೂದು ಬಣ್ಣಕ್ಕೆ ತಿರುಗಿ, ಮುರಿದು ಬಿದ್ದಿದ್ದವು. ಬಿರುಗಾಳಿಗೆ ಸಿಕ್ಕ ತೋಟದ ಹಾಗೆ. ದಪ್ಪ ಗುಂಡಿನಂಥವು ಅಲ್ಲಲ್ಲಿ ಬದುಕಿದ್ದವು. ಒಂದು ಗುಂಡಿನ ಬುಡದಲ್ಲಿ ಕಡಲಾಮೆ ಮಲಗಿತ್ತು. ನಾನು ಕೈ ಕಟ್ಟಿಕೊಂಡು ದೂರದಲ್ಲೇ ತೇಲುತ್ತಾ ನಿಂತೆ. ಅಲ್ಲಿ ಯಾವುದನ್ನೂ ಮುಟ್ಟಲು ಮನಸ್ಸು ಬರಲಿಲ್ಲ.

ಸಂಜೆ ಊಟಕ್ಕೆ ಕರೆದ ಮನೆಯಲ್ಲಿ ಟ್ಯೂನಾ ಮೀನಿನ ಸಾರು, ಪಕ್ಕದಲ್ಲಿ ಹಸಿ ಈರುಳ್ಳಿ. ಮರಳಿನ ನೆಲದಲ್ಲಿ ಈರುಳ್ಳಿ ಎಲ್ಲಿಂದ ಅಂತ ಕೇಳಿದೆ. ಆ ಮನೆಯ ಹಿರಿಯರು ನಕ್ಕರು. "ನಿಮ್ಮ ಮಂಗಳೂರಿಂದಲೇ." ಕಡಮತ್, ಅಮಿನಿ, ಕಿಲ್ತಾನ್, ಚೆತ್ಲತ್, ಬಿತ್ರಾ, ಈ ಐದು ದ್ವೀಪಗಳು 1956ರ ತನಕ ದಕ್ಷಿಣ ಕನ್ನಡ ಜಿಲ್ಲೆಗೇ ಸೇರಿದ್ದವು. 1787ರಲ್ಲಿ ಟಿಪ್ಪುವಿನ ಕೈಗೆ ಬಂದು, 1799ರಲ್ಲಿ ಇಂಗ್ಲಿಷರ ಪಾಲಾಗಿ, ಮಂಗಳೂರಿನಿಂದಲೇ ಆಡಳಿತ ನಡೆದ ಜಾಗ. ತೆಂಗಿನ ನಾರು ಹೊತ್ತ ಹಾಯಿ ಹಡಗುಗಳು ನಮ್ಮ ಹಳೆ ಬಂದರಿಗೆ ಬರುತ್ತಿದ್ದವು, ಅಕ್ಕಿ ತುಂಬಿಕೊಂಡು ವಾಪಸ್ ಹೋಗುತ್ತಿದ್ದವು. ಮನೆಯಿಂದ ಮೂರು ಕಿಲೋಮೀಟರ್ ದೂರದ ಬಂದರಿನ ಕಥೆಯನ್ನು ಕಡಲಿನ ಆಚೆ ಕೂತು ಕೇಳಿದೆ.

ಜೂನ್‌ನಲ್ಲಿ ಕಡಲು ಮುಚ್ಚಿತು. ಯಾಂತ್ರಿಕ ದೋಣಿಗಳಿಗೆ 61 ದಿನ ರಜೆ, ನಮ್ಮ ತಿರುಗಾಟಕ್ಕೂ ರಜೆ. ಮಳೆಯ ಎರಡನೇ ವಾರ ಹೆಂಚು ಸರಿದು, ರಾತ್ರಿ ಎರಡು ಗಂಟೆಗೆ ಕಪಾಟಿನ ಮೇಲೆ ನೀರು ಸುರಿಯಿತು. ಡೈವಿಂಗ್ ಬರೆದಿಟ್ಟ ಪುಸ್ತಕ ಅದರೊಳಗಿತ್ತು. ಪುಟ ಪುಟ ಬಿಡಿಸಿ, ಫ್ಯಾನಿನ ಅಡಿ ಹರಡಿ, ಬೆಳಗಿನವರೆಗೆ ಕೂತೆ. ಇವರು ಟಾರ್ಚ್ ಹಿಡಿದು ಅಟ್ಟ ಹತ್ತಿ, ಒಡೆದ ನಾಲ್ಕು ಹೆಂಚಿನ ಅಡಿ ಟಾರ್ಪಾಲು ತುರುಕಿದರು. ನಾನು ಏಣಿ ಹಿಡಿದುಕೊಂಡೆ. ಮೇಲಿಂದ ಇವರು ಹೆಬ್ಬೆರಳು ತೋರುಬೆರಳು ಸೇರಿಸಿ ಸುತ್ತು ಮಾಡಿ ತೋರಿಸಿದರು. ನೀರೊಳಗೆ ಅದರ ಅರ್ಥ, ನಾನು ಸರಿಯಾಗಿದ್ದೇನೆ. ನಾನೂ ತೋರಿಸಿದೆ.

ಸೆಪ್ಟೆಂಬರ್ ಕೊನೆಗೆ ಮಳೆ ಕಡಿಮೆಯಾದಾಗ ಒಂದು ಬೆಳಿಗ್ಗೆ ಹಳೆ ಬಂದರಿನ ಧಕ್ಕೆಗೆ ಹೋದೆವು. ಸರಕು ಸಾಗಿಸುವ ಮಂಜಿ ದೋಣಿಗಳು ಸಾಲಾಗಿ ನಿಂತಿದ್ದವು. ಒಂದಕ್ಕೆ ಜಲ್ಲಿ, ಸಿಮೆಂಟು ಏರುತ್ತಿತ್ತು. ಇನ್ನೊಂದಕ್ಕೆ ಕೆಂಪು ಬಲೆಚೀಲದ ಈರುಳ್ಳಿ, ಹೆಗಲಿಂದ ಹೆಗಲಿಗೆ. ಯಾವ ದ್ವೀಪಕ್ಕೆ ಅಂತ ಇವರು ಕೇಳಿದರು. ಚೀಲ ಹೊತ್ತವರು ನಿಲ್ಲಲಿಲ್ಲ, ಹೋಗುತ್ತಲೇ ಹೇಳಿದರು.

"ಕಡಮತ್."